ಕಾವೇರಿಯಿಂದ ಕೃಷ್ಣೆಯವರೆಗೆ: ಓಟ ಮತ್ತು ಸಂಗೀತದ ಒಂದು ವರ್ಷ

ಸಂಜೆ ಕಛೇರಿ ಕೇಳಲು ಹೋದ ಊರಿನಲ್ಲಿ ಬೆಳಿಗ್ಗೆ ಓಡಬೇಕು ಎಂಬುದೊಂದೇ ಕಳೆದ ವರ್ಷದ ನನ್ನ ಪ್ರವಾಸಗಳಿಗೆಲ್ಲ ಇದ್ದ ನಿಯಮ. ದೂರದ ಓಟ ನನಗೆ ಹಳೆಯ ಅಭ್ಯಾಸ; ಅಕ್ಕ ಹಾಡುವವಳಾದ್ದರಿಂದ ಸಂಗೀತ ಮನೆಯಲ್ಲೇ ಇತ್ತು. ಎರಡನ್ನೂ ಕೂಡಿಸಿಕೊಂಡು ಊರೂರು ತಿರುಗಿದ ಮೇಲೆ ಒಂದು ಮಾತು ನನಗೆ ಖಚಿತವಾಗಿದೆ. ನಮ್ಮ ಸಂಗೀತದ ಹಿರಿಯರು ಬಹುಪಾಲು ನಡೆದವರು: ಉಂಛವೃತ್ತಿಗಾಗಿ, ಎಂದರೆ ಹಾಡುತ್ತ ಭಿಕ್ಷೆ ಪಡೆಯಲು, ಬೀದಿಬೀದಿ ನಡೆದವರು, ಗುರುವಿನ ಮನೆಗೆಂದು ಬೇರೆ ಊರಿಗೆ ದಿನವೂ ಹೋಗಿಬಂದವರು, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟವರು. ಅವರು ತುಳಿದ ದಾರಿ ಎಷ್ಟು ಉದ್ದ, ಅಲ್ಲಿನ ಮಣ್ಣು ಎಂಥದು, ನಸುಕಿನಲ್ಲಿ ಅಲ್ಲಿ ಎಷ್ಟು ಚಳಿ ಎಂಬುದನ್ನು ಸ್ವಂತ ಕಾಲಿನಿಂದ ತಿಳಿದು ಬಂದವರಿಗೆ ಸಂಜೆಯ ಹಾಡು ಬೇರೆಯಾಗಿಯೇ ಕೇಳಿಸುತ್ತದೆ.

ಜನವರಿ, ತಿರುವೈಯಾರು

ಪುಷ್ಯ ಬಹುಳ ಪಂಚಮಿಯ ತ್ಯಾಗರಾಜರ ಆರಾಧನೆಗೆ ತಿರುವೈಯಾರಿನಲ್ಲೇ ಉಳಿಯಲು ಕೋಣೆ ಸಿಗುವುದು ದುರ್ಲಭ. ಹೋಗುವವರು 13 ಕಿ.ಮೀ. ದೂರದ ತಂಜಾವೂರಿನಲ್ಲಿ ಉಳಿದುಕೊಳ್ಳುವುದೇ ಒಳ್ಳೆಯದು. ನಾನೂ ಹಾಗೆಯೇ ಮಾಡಿದೆ. ಮೊದಲ ದಿನ ಮಧ್ಯಾಹ್ನ ತಲುಪಿ, ಬೃಹದೀಶ್ವರ ದೇವಾಲಯದ ಅಂಗಳದಲ್ಲಿ ಬಿಸಿಲು ಇಳಿಯುವವರೆಗೆ ಕುಳಿತಿದ್ದು, ಬೇಗನೆ ಮಲಗಿದೆ.

ಮರುದಿನ ನಸುಕಿಗೂ ಮುಂಚೆ, ಪಂಚೆ ಮತ್ತು ಅಂಗಿಯನ್ನು ಸಣ್ಣ ಬೆನ್ನುಚೀಲಕ್ಕೆ ತುರುಕಿಕೊಂಡು ತಿರುವೈಯಾರಿನತ್ತ ಓಡತೊಡಗಿದೆ. ದಾರಿ ಸಮತಟ್ಟು. ಊರಿನ ಹೆಸರೇ ಐದು ನದಿಗಳದ್ದು. ವೆಣ್ಣಾರು, ವೆಟ್ಟಾರು, ಕುಡಮುರುಟ್ಟಿ ಎಂದು ಕಾವೇರಿಯ ಕವಲುಗಳನ್ನು ಸೇತುವೆಯ ಮೇಲೆ ಒಂದೊಂದಾಗಿ ದಾಟುತ್ತ ಹೋಗಬೇಕು. ಪ್ರತಿ ಸೇತುವೆಯ ಮೇಲೂ ಗಾಳಿ ಒಂದು ಪಟ್ಟು ತಣ್ಣಗಾಗಿ, ಸೇತುವೆ ಮುಗಿದೊಡನೆ ಗದ್ದೆಯ ಬೆಚ್ಚನೆಯ ವಾಸನೆ ಮತ್ತೆ ಬರುತ್ತಿತ್ತು. ಮೆಟ್ಟೂರು ಅಣೆಕಟ್ಟೆಯಿಂದ ಸಾಮಾನ್ಯವಾಗಿ ಜನವರಿಯ ಕೊನೆಯವರೆಗೂ ನೀರು ಬಿಡುವುದರಿಂದ ನದಿಗಳಲ್ಲಿ ಹರಿವಿತ್ತು, ಬತ್ತ ಕೊಯ್ಲಿಗೆ ಬಂದಿತ್ತು. ದಾರಿಯಲ್ಲಿ ಒಂದು ಚಹಾದಂಗಡಿಯ ಮುದುಕರು ನನ್ನನ್ನು ತಡೆದು ನಿಲ್ಲಿಸಿ ಬಿಸಿನೀರು ಕೊಟ್ಟರು. ಬೆಂಗಳೂರಿನಿಂದ ಬಂದವನೆಂದು ಹೇಳಿದಾಗ, ಹಾಗಾದರೆ ನಿಮ್ಮ ಊರಿನ ನೀರೇ ಇದು ಎಂದು ತಮಿಳಿನಲ್ಲಿ ಹೇಳಿ ನಕ್ಕರು. ಎರಡು ರಾಜ್ಯಗಳ ನಡುವೆ ಇಷ್ಟು ಕಹಿಯನ್ನು ಕಂಡ ಒಂದು ನದಿಯ ಬಗ್ಗೆ ಆ ಮಾತನ್ನು ಅಷ್ಟು ಸಲೀಸಾಗಿ, ಪ್ರೀತಿಯಿಂದ ಕೇಳಿದ್ದು ನನಗೆ ದೊಡ್ಡ ಸಂತೋಷ.

ಕಾವೇರಿಯಲ್ಲಿ ಮಿಂದು ಪಂಚೆಯುಟ್ಟು ಸಮಾಧಿಯ ಬಳಿಗೆ ಹೋಗುವಾಗ, ಮೈಸೂರಿನಿಂದ ವರ್ಷವೂ ಬರುವ ಒಬ್ಬ ಹಿರಿಯ ಹೆಂಗಸು ನನ್ನ ಕನ್ನಡ ಕೇಳಿ ಗುರುತು ಹಿಡಿದರು. "ಮೊದಲು ಆ ತಾಯಿಗೆ ಕೈಮುಗಿದು ಆಮೇಲೆ ಒಳಗೆ ಹೋಗಪ್ಪ" ಎಂದು ತ್ಯಾಗರಾಜರ ಸಮಾಧಿಗೆ ಎದುರಾಗಿರುವ ಬೆಂಗಳೂರು ನಾಗರತ್ನಮ್ಮನವರ ಸಮಾಧಿಯನ್ನು ತೋರಿಸಿದರು. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ. ಪಾಳುಬಿದ್ದಿದ್ದ ಅವರ ಸಮಾಧಿಗೆ ತಮ್ಮ ಸಂಪಾದನೆಯನ್ನೆಲ್ಲ ಸುರಿದು ಗುಡಿ ಕಟ್ಟಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಈ ನಾಗರತ್ನಮ್ಮ. ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ ಎಂಬ ಕಟ್ಟಳೆಯಿದ್ದ ಕಾಲದಲ್ಲಿ, ಹೆಂಗಸರದೇ ಒಂದು ಬಣ ಕಟ್ಟಿ ಅದೇ ಜಾಗದಲ್ಲಿ ಹಾಡಿಸಿದರು. ಗುಡಿಯ ಪ್ರತಿಷ್ಠೆ 1926ರಲ್ಲಿ ನಡೆಯಿತು. ಬೇರೆಬೇರೆಯಾಗಿ ಆರಾಧನೆ ನಡೆಸುತ್ತಿದ್ದ ಬಣಗಳೆಲ್ಲ ಒಂದುಗೂಡಿದ್ದು 1940ರ ಹೊತ್ತಿಗೆ. ಕನ್ನಡನಾಡಿನಿಂದ ಅಲ್ಲಿಗೆ ಹೋಗುವ ಪ್ರತಿಯೊಬ್ಬರೂ ಆಕೆಯ ಮುಂದೆ ಒಂದು ಗಳಿಗೆ ನಿಲ್ಲಬೇಕೆಂದು ನನಗೂ ತೋರುತ್ತದೆ.

ಐದು ರಾಗಗಳಲ್ಲಿರುವ ತ್ಯಾಗರಾಜರ ಪಂಚರತ್ನ ಕೃತಿಗಳ ಸಮೂಹಗಾಯನಕ್ಕೆ ಕಲಾವಿದರು ಎದುರುಬದುರಾಗಿ ಸಾಲುಹಿಡಿದು ಕೂರುತ್ತಾರೆ. ನಾಟ ರಾಗ ಆರಂಭವಾದಾಗ ನೂರಾರು ಕಂಠ, ಪಿಟೀಲು, ಕೊಳಲು, ಮೃದಂಗಗಳು ಕೂಡಿ ಏಳುವ ನಾದ ಮೊದಲಿಗೆ ಸ್ವಲ್ಪ ಚೆದುರಿದಂತಿರುತ್ತದೆ. ಗೌಳ ದಾಟಿ ಆರಭಿಗೆ ಬರುವಷ್ಟರಲ್ಲಿ ಒಂದೇ ಉಸಿರಾಗುತ್ತದೆ. ಸೂಕ್ಷ್ಮ ಗಾಯನ ಬಯಸಿ ಹೋದವರಿಗೆ ಅಲ್ಲಿ ನಿರಾಸೆಯಾಗಬಹುದು, ಏಕೆಂದರೆ ಅದು ಕೇಳುವವರಿಗಾಗಿ ನಡೆಯುವ ಕಛೇರಿಯಲ್ಲ. ನನ್ನ ಪಕ್ಕದಲ್ಲಿ ಕುಳಿತವರೆಲ್ಲ ಹಾಡುತ್ತಿದ್ದರು. ವರಾಳಿಯ ಹೊತ್ತಿಗೆ ನಾನೂ ಗೊತ್ತಿದ್ದಷ್ಟನ್ನು ಹಾಡಿದೆ.

ಶ್ರೀರಾಗ ಮುಗಿದು ಹೊರಗೆ ಬಂದಾಗ ಚಪ್ಪರದ ಹೊರಗೆ ಬಿಟ್ಟಿದ್ದ ಓಟದ ಶೂ ಇರಲಿಲ್ಲ. ಅಷ್ಟು ಜನ ಸೇರುವ ಜಾಗದಲ್ಲಿ ಪಾದರಕ್ಷೆಯನ್ನು ಚೀಲಕ್ಕೆ ಹಾಕಿಕೊಂಡು ಒಳಗೊಯ್ಯುವುದೇ ಸರಿ. ಬರಿಗಾಲಿನಲ್ಲಿ ಪೇಟೆಗೆ ನಡೆದು ಹವಾಯಿ ಚಪ್ಪಲಿ ಕೊಂಡು, ಎದುರಿನ ಅಂಗಡಿಯಲ್ಲಿ ಆ ಊರಿಗೇ ಹೆಸರಾದ ಅಶೋಕಾ ಹಲ್ವವನ್ನು ಎಲೆಯಲ್ಲಿ ಹಾಕಿಸಿಕೊಂಡು ತಿಂದೆ. ಹೆಸರುಬೇಳೆಯನ್ನು ತುಪ್ಪದಲ್ಲಿ ಬಾಡಿಸಿ ಮಾಡುವ ಈ ಹಲ್ವ ಬಿಸಿಯಿದ್ದಾಗಲೇ ಚೆನ್ನ. ಕಟ್ಟಿಸಿಕೊಂಡು ತಂದದ್ದಕ್ಕೆ ಆ ರುಚಿ ಉಳಿಯಲಿಲ್ಲ.

ಏಪ್ರಿಲ್, ಬೆಂಗಳೂರು

ಇದು ಪ್ರವಾಸವಲ್ಲ, ನನ್ನದೇ ಊರು, ಆದರೂ ಬಿಡುವಂತಿಲ್ಲ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ ಸುಮಾರು ಒಂದು ತಿಂಗಳು ನಡೆಯುತ್ತದೆ. ನಗರದ ಪ್ರಸಿದ್ಧ 10 ಕಿ.ಮೀ. ಓಟವೂ ಏಪ್ರಿಲ್ ಕೊನೆಗೇ ಬರುತ್ತದೆ. ಶನಿವಾರ ರಾತ್ರಿ ತೋಡಿ ರಾಗದ ಆಲಾಪನೆಯ ನಡುವೆ ಗುಡುಗಿ, ಚಪ್ಪರದ ಮೇಲೆ ಆಲಿಕಲ್ಲು ಬಿದ್ದ ಸದ್ದಿಗೆ ಪಿಟೀಲೇ ಕೇಳದಂತಾಯಿತು. ಗಾಯಕರು ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ ಮಂದ್ರಸ್ಥಾಯಿಗಿಳಿದು ಅಲ್ಲಿಯೇ ನಿಂತು, ಮಳೆ ಸಡಿಲಿದ ಮೇಲೆ ಮೆಲ್ಲಗೆ ಮೇಲೆ ಬಂದರು. ಮರುದಿನ ಹಲಸೂರು ಕೆರೆಯ ಬದಿಯಲ್ಲಿ, ತೊಳೆದಂತಿದ್ದ ರಸ್ತೆಯಲ್ಲಿ ಬಿದ್ದ ಗುಲ್‌ಮೊಹರ್ ಹೂಗಳನ್ನು ತುಳಿದು ಓಡುವಾಗ ಆ ಮಂದ್ರದ ಷಡ್ಜ ತಲೆಯಲ್ಲಿ ನಿಂತಿತ್ತು; ಮೊದಲ ಎರಡು ಕಿ.ಮೀ. ತಡೆದು ಓಡುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಸೆಪ್ಟೆಂಬರ್, ಹುಬ್ಬಳ್ಳಿಯಿಂದ ಸಾತಾರಾ

ವರ್ಷದ ತಿರುಳು ಈ ಪ್ರಯಾಣ. ಸಾತಾರಾದ ಘಾಟಿ ಓಟಕ್ಕೆ ಹೆಸರು ಕೊಟ್ಟಿದ್ದೆ. ಅಕ್ಕನಿಗೆ ಮಿರಜದಲ್ಲಿ ಒಂದು ತಂಬೂರಿ ಮಾಡಿಸುವ ಆಸೆ ಬಹುಕಾಲದ್ದು. ಎರಡೂ ಊರುಗಳು ಹುಬ್ಬಳ್ಳಿ–ಪುಣೆ ರೈಲುದಾರಿಯಲ್ಲೇ ಇರುವುದರಿಂದ ಇಬ್ಬರೂ ಕೂಡಿ ಹೊರಟೆವು.

ಮೊದಲ ದಿನ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ. ಅಕ್ಕ ಪ್ಯಾಸೆಂಜರ್ ರೈಲು ಹಿಡಿದಳು, ನಾನು ಸುಮಾರು 20 ಕಿ.ಮೀ. ರಸ್ತೆಯಲ್ಲಿ ಓಡಿದೆ. ರಾತ್ರಿ ಮಳೆಯಾಗಿತ್ತು. ಎದುರಿಗೆ ಲಾರಿ ಬಂದಾಗಲೆಲ್ಲ ಡಾಂಬರು ಬಿಟ್ಟು ಬದಿಗಿಳಿಯಲೇಬೇಕು, ಬದಿಯಲ್ಲಿ ಎರೆಮಣ್ಣು. ಎರೆಮಣ್ಣು ಶೂವಿಗೆ ಹತ್ತುವ ರೀತಿಯೇ ಬೇರೆ: ಮೊದಲು ತೆಳುವಾಗಿ ಅಂಟಿ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಮತ್ತೆ ಮಣ್ಣು ಸೇರಿ, ನಾಲ್ಕು ಹೆಜ್ಜೆಗೆ ಕಾಲು ಸೇರುತೂಕ ಹೆಚ್ಚುತ್ತದೆ. ಕೆಬರಲು ಕಡ್ಡಿ ಹುಡುಕುತ್ತ ನಿಂತಾಗ, ಮೆಣಸಿನಕಾಯಿ ಹೊಲದ ಬದುವಿನಲ್ಲಿದ್ದ ಒಬ್ಬ ರೈತರು ಕಳೆ ತೆಗೆಯುವ ಕುರ್ಚಿಗಿ ತಂದುಕೊಟ್ಟರು.

"ಯಾರರೆ ಬೆನ್ನ ಹತ್ಯಾರೇನ್ರಿ, ಹಿಂಗ್ಯಾಕ ಓಡಾಕತ್ತೀರಿ?"

"ಇಲ್ಲ ಯಜಮಾನ್ರೇ, ಕುಂದಗೋಳಕ್ಕೆ ಹೋಗ್ತಿದೀನಿ. ಸವಾಯಿ ಗಂಧರ್ವರು ಇದ್ದ ಊರು ನೋಡೋಕೆ."

"ಹಂಗೇನ್ರಿ? ನಮ್ಮ ಮುತ್ಯಾ ಚಕ್ಕಡಿ ಕಟಗೊಂಡು ಹಾಡ ಕೇಳಾಕ ಹೋಗ್ತಿದ್ದ್ರಿ. ರಾತ್ರಿಪೂರ್ತಿ ಕುಂತು, ಬೆಳಕ ಹರದಮ್ಯಾಲ ಬಂದು ಹಂಗ ಹೊಲಕ್ಕ ಇಳೀತಿದ್ದ."

ಶೇಂಗಾ ಹರಗಿ ಬಂದ ಕೈಯಲ್ಲೇ ಅವರು ಒಂದು ಹಿಡಿ ಹಸಿ ಶೇಂಗಾ ನನ್ನ ಜೇಬಿಗೆ ತುಂಬಿದರು. ಸಂಗೀತದ ರಸಿಕರೆಂದರೆ ಪೇಟೆಯ ಓದಿದ ಜನ ಎಂದು ನಂಬಿರುವವರು ಆ ಎರೆಸೀಮೆಯಲ್ಲಿ ಒಂದು ದಿನ ಕಳೆಯಬೇಕು.

ಕುಂದಗೋಳದ ನಿಲ್ದಾಣದಲ್ಲಿ ಅಕ್ಕ ಕಾಯುತ್ತಿದ್ದಳು. ಇಬ್ಬರೂ ಅಲ್ಲಿಂದ ಊರೊಳಗಿನ ನಾಡಿಗೇರ ವಾಡೆಗೆ ನಡೆದೆವು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರಿಂದ ಪಾಠ ಹೇಳಿಸಿಕೊಂಡು ಹಿಂತಿರುಗುತ್ತಿದ್ದದ್ದು ಈ ಊರಿಗೆ. ಗುರುವನ್ನು ಹುಡುಕಿ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಉತ್ತರ ಹಿಂದೂಸ್ತಾನವೆಲ್ಲ ಸುತ್ತಿದ ಭೀಮಸೇನ ಜೋಶಿಯವರು, ಕೊನೆಗೆ ಗದಗಿಗೆ ಹತ್ತಿರದ ಇದೇ ಊರಿಗೆ ಬಂದು, ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಕಲಿತರು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ಬಂದು ಇಳಿಯುತ್ತಿದ್ದದ್ದೂ ನಾಡಿಗೇರ ವಾಡೆಯಲ್ಲೇ. ಉತ್ತರಪ್ರದೇಶದ ಕೈರಾನಾದಿಂದ ಹೆಸರು ಪಡೆದ, ಇವರೆಲ್ಲರ ಕಿರಾನಾ ಘರಾಣೆ ಎಂಬ ಗಾಯನ ಪರಂಪರೆ ಧಾರವಾಡ ಸೀಮೆಯ ಮಣ್ಣಿನಲ್ಲಿ ಬೇರುಬಿಟ್ಟದ್ದು ಈ ಹೋಗಿಬರುವ ಕಾಲುಗಳಿಂದ. ಅಕ್ಕ ವಾಡೆಯ ಕಟ್ಟಿಗೆಯ ಕಂಬಕ್ಕೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದಳು, ನಾನು ಮಾತನಾಡಿಸಲಿಲ್ಲ.

ಖಾನಾವಳಿಯೊಂದರಲ್ಲಿ ಬಿಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು ಉಂಡೆವು. ದೂರ ಓಡಿದವರಿಗೆ ಇದಕ್ಕಿಂತ ಹಿತವಾದ ಊಟವಿಲ್ಲ. ಸಂಜೆ ಹುಬ್ಬಳ್ಳಿಯಲ್ಲಿ ಪರಿಚಿತರ ಮನೆಯ ಬೈಠಕ್‌ನಲ್ಲಿ ಶುದ್ಧ ಕಲ್ಯಾಣ ರಾಗದ ವಿಲಂಬಿತ ಖ್ಯಾಲ್, ಎಂದರೆ ನಿಧಾನಗತಿಯ ಗಾಯನ. ಗಾಯಕಿ ಗಾಂಧಾರ ಸ್ವರವನ್ನು ಮುಟ್ಟುವ ಮುನ್ನ ಅದರ ಸುತ್ತ ಎಷ್ಟು ಹೊತ್ತು ಸುಳಿದರೆಂದರೆ, ಮುಟ್ಟಿದಾಗ ಕುಳಿತಿದ್ದ ಹತ್ತಿಪ್ಪತ್ತು ಜನರ ಬಾಯಿಂದಲೂ ಒಟ್ಟಿಗೆ ಉಸಿರು ಹೊರಟಿತು. ಅಂದು ಬೆಳಿಗ್ಗೆ ತುಳಿದ ದಾರಿಯ ನೋವು ಇನ್ನೂ ಮೀನಖಂಡದಲ್ಲಿತ್ತು. ಪಾಠವೊಂದಕ್ಕಾಗಿ ಆ ದೂರವನ್ನು ವರ್ಷಗಟ್ಟಲೆ ಹೋಗಿಬಂದವರ ತಾಳ್ಮೆಯೇ ಹೀಗೆ ಸ್ವರದ ಬಳಿ ಕಾಯುವ ತಾಳ್ಮೆಯಾಗಿದೆ ಎಂದು ನನಗೆ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಮಾರನೆಯ ದಿನ ಮಿರಜ. ರೈಲು ತಡವಾಗಿ ಮಧ್ಯಾಹ್ನ ದಾಟಿದ ಮೇಲೆ ತಲುಪಿತು. ಅಬ್ದುಲ್ ಕರೀಂ ಖಾನರು ಕೊನೆಗೆ ನೆಲೆ ನಿಂತ ಊರು ಇದು. 1937ರಲ್ಲಿ ಪಯಣದ ನಡುವೆ, ತಮಿಳುನಾಡಿನ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ತೀರಿಕೊಂಡ ಅವರನ್ನು ತಂದು ಮಣ್ಣುಮಾಡಿದ್ದು ಇಲ್ಲಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿ. ದರ್ಗಾದ ಹತ್ತಿರದ ಓಣಿಗಳಲ್ಲೇ ತಂತಿವಾದ್ಯ ಮಾಡುವ ಮನೆತನಗಳಿವೆ. ಇವರ ಹಿರಿಯರು ಕತ್ತಿ ಸಾಣೆ ಹಿಡಿಯುವ ಶಿಕಲಗಾರರು. 19ನೆಯ ಶತಮಾನದಲ್ಲಿ ಆಯುಧಗಳ ಕಸುಬು ಕುಂದಿದ ಮೇಲೆ ವಾದ್ಯ ತಯಾರಿಗೆ ತಿರುಗಿದರು. ಮಿರಜದ ಸಿತಾರ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ.

ನಾವು ಹೋದ ಅಂಗಡಿಯ ಯಜಮಾನರು ಅಚ್ಚ ಕನ್ನಡದಲ್ಲಿ ಮಾತನಾಡಿದರು. ಪಂಢರಪುರದ ಕಡೆಯಿಂದ ಬಂದ, ಒಣಗಿ ಹಗುರಾದ ಬುರುಡೆಗಳು ಅಟ್ಟದಿಂದ ಸಾಲಾಗಿ ತೂಗುತ್ತಿದ್ದವು. "ಮಳಿಗಾಲದಾಗ ಬುರುಡಿ ಕೊರದ್ರ ಬ್ಯಾಸಗಿಗೆ ಸೀಳತೈತ್ರೀ ಅಕ್ಕಾರ, ಸ್ವಲ್ಪ ತಡೀರಿ, ಡಿಸೆಂಬರದಾಗ ಕೊಡ್ತೀನಿ" ಎಂದರು. ಆಮೇಲೆ ಸಿದ್ಧವಿದ್ದ ಬೇರೊಂದು ತಂಬೂರಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಜವಾರಿ ಹಿಡಿಯುವುದನ್ನು, ಎಂದರೆ ತಂತಿಯ ನಾದ ತುಂಬಿ ಬರುವಂತೆ ಹದಗೊಳಿಸುವುದನ್ನು, ತೋರಿಸಿದರು. ತಂತಿಗಳನ್ನು ಹೊರುವ ಕುದುರೆಯ ಮೇಲ್ಮೈಯನ್ನು ಕಿರಿದಾದ ಅರದಿಂದ ಒಂದೆರಡು ಸಲ ಸವರಿ, ತಂತಿ ಮತ್ತು ಕುದುರೆಯ ನಡುವೆ ಒಂದು ಹತ್ತಿಯ ಎಳೆ ತೂರಿಸಿ, ಉಗುರಿನಿಂದ ಅದನ್ನು ಕೂದಲೆಳೆಯಷ್ಟು ಹಿಂದೆ ಸರಿಸಿದರು. ತಂತಿ ಒಣಗಿದಂತೆ ನುಡಿಯಿತು. ಮತ್ತೆ ಮುಂದೆ. ಎಳೆ ಸರಿಯಾದ ಜಾಗಕ್ಕೆ ಬಂದ ಕ್ಷಣ, ಒಂದೇ ತಂತಿಯೊಳಗಿನಿಂದ ಪಂಚಮ, ಗಾಂಧಾರಗಳೆಲ್ಲ ಎದ್ದು ಅಂಗಡಿ ತುಂಬಿತು. ಅಕ್ಕ ಮುಂಗಡ ಹಣ ಕೊಟ್ಟು ತನ್ನ ಶ್ರುತಿಯನ್ನು ಬರೆಸಿದಳು. ತಂಬೂರಿ ಮಾಡಿಸುವವರು ಹಾಡುವವರನ್ನು ಜೊತೆಗೆ ಕರೆದೊಯ್ಯಲೇಬೇಕು. ಶ್ರುತಿ ಗೊತ್ತಾಗದೆ ಅವರು ತಂತಿಯ ದಪ್ಪವನ್ನು ನಿರ್ಧರಿಸುವುದಿಲ್ಲ.

ಮೂರನೆಯ ದಿನ ಅಕ್ಕ ಹಿಂತಿರುಗಿದಳು, ನಾನು ಬಸ್ಸಿನಲ್ಲಿ ಸಾತಾರಾಕ್ಕೆ ಹೋದೆ. ಹೆದ್ದಾರಿ ಅಗಲಗೊಳಿಸುವ ಕೆಲಸದಿಂದಾಗಿ ದಾರಿಯುದ್ದಕ್ಕೂ ತಿರುವುಗಳು, ಗುಂಡಿಗಳು; ಕತ್ತಲಾದ ಮೇಲೆ ತಲುಪಿದಾಗ ವಸತಿಗೃಹದಲ್ಲಿ ಕರೆಂಟೂ ಇರಲಿಲ್ಲ, ಬಿಸಿನೀರೂ ಇರಲಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ಅಂಗಿಗೆ ನಂಬರು ಚುಚ್ಚಿಕೊಂಡು ಮಲಗಿದೆ.

ಓಟದ ಬೆಳಿಗ್ಗೆ ಸಣ್ಣಗೆ ಜಡಿಮಳೆ. ಸುಮಾರು 21 ಕಿ.ಮೀ. ದಾರಿಯಲ್ಲಿ ಮೊದಲರ್ಧ ಯವತೇಶ್ವರ ಘಾಟಿಯ ಏರು, ಅಲ್ಲಿಂದ ತಿರುಗಿ ಅದೇ ದಾರಿಯಲ್ಲಿ ಇಳಿಯಬೇಕು. ಊರೊಳಗೆ ಢೋಲು ತಾಶಾ ಬಡಿಯುವ ಹುಡುಗರು ಎಲ್ಲರನ್ನೂ ಬೇಗ ಓಡುವಂತೆ ಹುರಿದುಂಬಿಸುತ್ತಾರೆ. ಆ ಮೋಹಕ್ಕೆ ಬೀಳದೆ ಘಾಟಿಗೆ ಶಕ್ತಿ ಉಳಿಸಿಕೊಳ್ಳಬೇಕು. ನಾನು ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ನಾಲ್ಕಕ್ಕೆ ಹೊರಗೆ ಎಂದು ಓಡುವವನು; ಎರಡು ಉಸಿರಿಗೆ ತೀನ್‌ತಾಲದ ಹದಿನಾರು ಮಾತ್ರೆಯ ಒಂದು ಆವರ್ತನ ಮುಗಿಯುತ್ತದೆ. ಏರು ಕಡಿದಾದಂತೆ ಉಸಿರು ಎರಡೆರಡು ಹೆಜ್ಜೆಗೆ ಇಳಿಯಿತು, ಆದರೆ ಆವರ್ತನ ಕೆಡಲಿಲ್ಲ. ನಡುದಾರಿಯಲ್ಲಿ ಮಂಜು ಎಷ್ಟು ದಟ್ಟವಾಯಿತೆಂದರೆ ಮುಂದಿನವರ ಬೆನ್ನು ಕಾಣದೆ ಹೆಜ್ಜೆಯ ಸದ್ದು ಮಾತ್ರ ಕೇಳುತ್ತಿತ್ತು. ತಿರುವಿನಲ್ಲಿ ನೌವಾರಿ ಸೀರೆಯುಟ್ಟ ಒಬ್ಬ ಅಜ್ಜಿ ತಟ್ಟೆಯಲ್ಲಿ ಬೆಲ್ಲದ ಚೂರುಗಳನ್ನು ಹಿಡಿದು ನಿಂತಿದ್ದರು. ಪ್ರತಿಯೊಬ್ಬರಿಗೂ "ಸಾವಕಾಶ, ಬಾಳಾ" ಎನ್ನುತ್ತಿದ್ದರು. ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದು ಮಾಡಬೇಕೆಂದು ಅನುಭವಿಗಳು ಹೇಳುವುದನ್ನು ಪಾಲಿಸಿದ್ದರಿಂದ ಮಂಡಿಗಳು ಉಳಿದವು.

ಮಧ್ಯಾಹ್ನ ಸಾತಾರಾದ ಕಂದೀ ಪೇಢೆ ತಿನ್ನುತ್ತ ಮಾಹುಲಿಯ ಸಂಗಮಕ್ಕೆ ಹೋದೆ. ಮಹಾಬಳೇಶ್ವರದಿಂದ ಇಳಿದ ಕೃಷ್ಣೆ ಇಲ್ಲಿ ವೇಣ್ಣೆಯನ್ನು ಕೂಡಿಕೊಳ್ಳುತ್ತಾಳೆ. ಮರುದಿನ ಕಾಸ್ ಪ್ರಸ್ಥಭೂಮಿ. ಹೂವಿನ ಋತುವಿನಲ್ಲಿ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿರುವುದರಿಂದ ಮುಂಚೆಯೇ ಚೀಟಿ ಪಡೆದಿದ್ದೆ. ಶನಿವಾರ, ಭಾನುವಾರ ಬಿಟ್ಟು ಹೋಗುವುದು ಮೇಲು. ಕಪ್ಪು ಬಂಡೆಯ ಮೇಲೆ ನಿಂತ ತೆಳುನೀರಿನಲ್ಲಿ, ಕೀಟ ಹಿಡಿದು ಬದುಕುವ ಪುಟ್ಟ ನೀಲಿ ಹೂಗಳು ಅಷ್ಟಗಲಕ್ಕೂ ಹಾಸಿದ್ದವು. ಮರಾಠಿಗರು ಅವನ್ನು ಸೀತೆಯ ಕಣ್ಣೀರು ಎನ್ನುತ್ತಾರೆ.

ದಸರಾ, ಶ್ರೀರಂಗಪಟ್ಟಣ ಮತ್ತು ಮೈಸೂರು

ದಸರೆಯಲ್ಲಿ ಮೈಸೂರಿನ ವಸತಿದರ ಏರುವುದರಿಂದ ಶ್ರೀರಂಗಪಟ್ಟಣದಲ್ಲಿ ಉಳಿದೆ. ಬೆಳಿಗ್ಗೆ ವಿರಿಜಾ ನಾಲೆಯ ಏರಿಯ ಮೇಲಿನ ಕೆಮ್ಮಣ್ಣಿನ ದಾರಿ: ಒಂದು ಬದಿಗೆ ತುಂಬಿ ಹರಿಯುವ ನಾಲೆ, ಇನ್ನೊಂದು ಬದಿಗೆ ಬತ್ತ, ಮುಂದೆ ರಂಗನತಿಟ್ಟು. ಓಟಗಾರನ ಕಾಲಿಗೆ ಕರ್ನಾಟಕದಲ್ಲಿ ಇದಕ್ಕಿಂತ ಮೃದುವಾದ ನೆಲ ನನಗೆ ಗೊತ್ತಿಲ್ಲ. ಸಂಜೆ ಅರಮನೆಯ ಮುಂದೆ ಕಛೇರಿ ಕೇಳಿದೆ. ದೀಪಗಳು ಒಮ್ಮೆಗೇ ಬೆಳಗಿದಾಗ ಜನರೆಲ್ಲ ಫೋನು ಎತ್ತಿ ಕೂಗಿದರು, ವೇದಿಕೆಯ ಮೇಲಿದ್ದ ವೈಣಿಕರು ಷಣ್ಮುಖಪ್ರಿಯದ ತಾನವನ್ನು ಸ್ವಲ್ಪವೂ ಕಲಕದೆ ಮುಂದುವರಿಸಿದರು. ಆ ದೀಪಗಳ ಅಂದವನ್ನು ನಾನೂ ಮೆಚ್ಚುತ್ತೇನೆ. ಆದರೆ ನಾಡಹಬ್ಬದಲ್ಲಿ ವೀಣೆಗೆ ಇನ್ನಷ್ಟು ಶಾಂತವಾದ ಜಾಗ ಸಲ್ಲಬೇಕು.

ಡಿಸೆಂಬರ್, ಪುಣೆ

ಗುರುವಿನ ನೆನಪಿಗಾಗಿ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಮಹೋತ್ಸವಕ್ಕೆ ಅಕ್ಕನೂ ಬಂದಳು. ನೆಲದ ಮೇಲೆ ಕೂರುವ ಟಿಕೆಟ್ಟು ಅಗ್ಗ. ಸಂಜೆಯ ಚಳಿಗೆ ಶಾಲು, ಕೂರಲು ಚಾಪೆ, ಬೆನ್ನಿಗೊಂದು ದಿಂಬು ಒಯ್ಯಬೇಕು. ಪಕ್ಕದ ಚಾಪೆಯ ಕುಟುಂಬದಲ್ಲಿ ಮೂರು ತಲೆಮಾರು ಕೂತಿತ್ತು, ಅಜ್ಜ ಮೊಮ್ಮಗಳಿಗೆ ಬೆರಳಿನ ಮೇಲೆ ಏಕತಾಲ ಎಣಿಸುವುದನ್ನು ಕಲಿಸುತ್ತಿದ್ದರು. ನಾವು ಕನ್ನಡದವರೆಂದು ತಿಳಿದಾಗ ಅವರು ಡಬ್ಬಿಯಿಂದ ತಿಳಿಗುಳ ಕೊಟ್ಟು, "ನಿಮ್ಮ ಗದಗಿನಿಂದ ನಮಗೆ ಸಿಕ್ಕಿದ್ದು ದೊಡ್ಡದು" ಎಂದು ಹಿಂದಿಯಲ್ಲಿ ಹೇಳಿದರು.

ನಡುವಿನ ಒಂದು ಬೆಳಿಗ್ಗೆ ಸಿಂಹಗಡ ಹತ್ತಿದೆ. ಕೆಳಗಿನ ಹಳ್ಳಿಯಿಂದ ಕಾಲುದಾರಿ ಕಡಿದಾಗಿದೆ, ಓಡಲಾಗದ ಕಡೆ ನಡೆದೆ. ಮೇಲೆ ಹೆಂಗಸರು ಬಿಸಿ ಭಾಕ್ರಿ, ಪಿಠಲೆ ಬಡಿಸುತ್ತಾರೆ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು ಮಾರುತ್ತಾರೆ. ಆ ರಾತ್ರಿ ಕೇಳಿದ ಮಾರುಬಿಹಾಗ್ ರಾಗ ವರ್ಷದ ಎಲ್ಲ ಸಂಗೀತದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ವಯಸ್ಸಾದ ಗಾಯಕರು, ಧ್ವನಿ ಎರಡು ಕಡೆ ಒಡೆಯಿತು, ಒಡೆದಲ್ಲಿಂದಲೇ ಸ್ವರ ಎತ್ತಿಕೊಂಡರು. ಉತ್ಸವದ ಕೊನೆಗೆ ರೂಢಿಯಂತೆ ಸವಾಯಿ ಗಂಧರ್ವರ ಹಳೆಯ ಧ್ವನಿಮುದ್ರಿಕೆ ಹಾಕಿದಾಗ ಜನರೆಲ್ಲ ಎದ್ದು ಹೊರಡದೆ ಉಳಿದದ್ದನ್ನು ನೋಡಿ ಅಕ್ಕ ಅತ್ತಳು.

ಹಿಂತಿರುಗುವಾಗ ಮಿರಜದಲ್ಲಿ ಇಳಿದು ತಂಬೂರಿ ಪಡೆದೆವು. ಬುರುಡೆಗೆ ಹೊದಿಕೆಯಾಗಿ ಅವರೇ ಒಂದು ಹಳೆಯ ಕೌದಿ ಸುತ್ತಿಕೊಟ್ಟು, ರೈಲಿನಲ್ಲಿ ತಂತಿ ಸಡಿಲಿಸಿ ಕೆಳಗಿನ ಬರ್ತಿನಲ್ಲಿ ಮಲಗಿಸಬೇಕು, ಮೊದಲ ಮೂರು ತಿಂಗಳು ದಿನವೂ ನುಡಿಸಬೇಕು, ಜವಾರಿ ಕೂತ ಮೇಲೆ ಒಮ್ಮೆ ತಂದು ತೋರಿಸಬೇಕು ಎಂದರು. ಕುಡಚಿಯ ಬಳಿ ಕೃಷ್ಣೆಯ ಸೇತುವೆ ದಾಟುವಾಗ, ರಾಯಬಾಗದಲ್ಲಿ ಇಳಿಯಬೇಕಿದ್ದ ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರು ಕೌದಿಯೊಳಗೆ ಏನಿದೆ ಎಂದು ಕೇಳಿದರು. ಅಕ್ಕ ಬಿಚ್ಚಿ, ಎರಡು ತಂತಿಗಳನ್ನಷ್ಟೇ ಬಿಗಿದು ಮೀಟಿದಳು. ಅವರಲ್ಲೊಬ್ಬಾಕೆ ಕೇಳದೆಯೇ ಒಂದು ತತ್ವಪದ ಎತ್ತಿಕೊಂಡಳು. ಮಾರ್ಚಿಯಲ್ಲಿ ಜವಾರಿ ತೋರಿಸಲು ಹೋಗುವಾಗ ರಾಯಬಾಗದಲ್ಲೇ ಇಳಿದು ಅಲ್ಲಿಂದ ಮಿರಜಕ್ಕೆ ಓಡುವುದೆಂದು ಗೊತ್ತುಮಾಡಿಕೊಂಡಿದ್ದೇನೆ. ತಂಬೂರಿಯ ಜೊತೆ ಅಕ್ಕ ರೈಲಿನಲ್ಲಿ ಬರುತ್ತಾಳೆ.